ನೀಲಿಪರದೆಯ ತಾತ್ವಿಕ ನೆಲೆಗಳು: ವಿಂಡೋಸ್ 98ರ ಚಿತ್ರಚಾಲಕ ಪತನವನ್ನು ಕುರಿತ ಸಂಶೋಧನಾ ಪ್ರಬಂಧ

ಅಧ್ಯಾಯ 1: ಉದ್ದೇಶ, ವ್ಯಾಪ್ತಿ, ಮಿತಿ ಹಾಗೂ ಮಿತಿಯ ಮಿತಿ

ಗ್ರಾಫಿಕ್ಸ್ ಡ್ರೈವರ್ ಎಂದು ಪಾಮರರು ಕರೆಯುವ, ಘನತೆಯ ದೃಷ್ಟಿಯಿಂದ ನಾವು ಇನ್ನು ಮುಂದೆ ‘ಚಿತ್ರಚಾಲಕ’ ಎನ್ನಲಿರುವ ತಂತ್ರಾಂಶವು ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಪದೇಪದೇ ಕುಸಿದು ಬೀಳುವ ವಿದ್ಯಮಾನವನ್ನು ಐತಿಹಾಸಿಕ, ಪಠ್ಯಕೇಂದ್ರಿತ ಮತ್ತು ಅಸ್ತಿತ್ವವಾದಿ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ಈ ವಿಷಯದ ಮೇಲೆ ಕನ್ನಡದಲ್ಲಿ ಪಿಎಚ್.ಡಿ. ಯಾರೂ ಮಾಡಿರಲಾರರು ಎಂಬ ಊಹೆಯೇ ಇದರ ಪ್ರೇರಣೆ. ನಮ್ಮ ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಮಲಗಿರುವ ಎಷ್ಟೋ ಪ್ರಬಂಧಗಳಿಗೆ ಇಷ್ಟು ಪ್ರೇರಣೆಯೂ ಇರಲಿಲ್ಲ.

ವ್ಯಾಪ್ತಿಯನ್ನು ವಿಂಡೋಸ್ 98 ಮತ್ತು 1999ರಲ್ಲಿ ಬಂದ ಅದರ ಎರಡನೇ ಆವೃತ್ತಿಗೆ ಸೀಮಿತಗೊಳಿಸಲಾಗಿದೆ. ಎಕ್ಸ್‌ಪಿಯನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಅದು ಎನ್‌ಟಿ ವಂಶದ್ದು. ಅದರ ಗೋತ್ರ ಬೇರೆ, ಸೂತಕವೂ ಬೇರೆ.

ಪತನ ಪರಂಪರೆಯ ಆದಿಬಿಂದು 1998ರ ಏಪ್ರಿಲ್ 20. ಅಂದು ಚಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದರು. ಕ್ರಿಸ್ ಕಾಪೊಸೆಲಾ ಎಂಬ ಸಹೋದ್ಯೋಗಿ, ಹೊಸ ವಿಂಡೋಸ್ ಎಷ್ಟು ಸಲೀಸಾಗಿ ಸ್ಕ್ಯಾನರನ್ನು ಗುರುತಿಸುತ್ತದೆ ನೋಡಿ ಎಂದು ವಯರು ಸಿಕ್ಕಿಸಿದರು. ಸಾವಿರಾರು ಜನರ ಎದುರು ಪರದೆ ನೀಲಿಯಾಯಿತು. ಇದಕ್ಕೇ ಇರಬೇಕು ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂದು ಗೇಟ್ಸ್ ನಕ್ಕರು. ಎರಡು ತಿಂಗಳ ನಂತರ, ಜೂನ್ 25ರಂದು, ಮಾರಾಟಕ್ಕೆ ಬಿಟ್ಟರು. ಅಲ್ಲಿ ದೋಷ ಸ್ಕ್ಯಾನರಿನ ಕಡೆಯದು, ಚಿತ್ರಚಾಲಕದ್ದಲ್ಲ ಎಂಬ ಆಕ್ಷೇಪವನ್ನು ಗಮನಿಸಲಾಗಿದೆ, ಹಾಗೂ ಪುಟಸಂಖ್ಯೆಯ ಹಿತದೃಷ್ಟಿಯಿಂದ ಉಪೇಕ್ಷಿಸಲಾಗಿದೆ.

ಅಧ್ಯಾಯ 2: ನೀಲಿಪರದೆ ಎಂಬ ಪಠ್ಯ: ಕರ್ತೃತ್ವ ಮತ್ತು ಧ್ವನಿ

ಈ ಪಠ್ಯದ ಕರ್ತೃ ಯಾರು? ವಿಂಡೋಸ್ 3.1ರಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದಾಗ ಮೂಡುತ್ತಿದ್ದ ನೀಲಿ ತೆರೆಯ ಮಾತುಗಳನ್ನು ಬರೆದವರು ಸ್ಟೀವ್ ಬಾಮರ್. ವಿಂಡೋಸ್ 95ರ ಕರ್ನಲ್ ಕುಸಿದಾಗಿನ ಪರದೆಗೆ ಅಂತಿಮ ರೂಪ ಕೊಟ್ಟವರು ರೇಮಂಡ್ ಚೆನ್ ಎಂಬ ಎಂಜಿನಿಯರು. ಚೆನ್ 2014ರಲ್ಲಿ ಮೊದಲನೆಯ ಸಂಗತಿಯನ್ನು ನೆನೆದು ಬರೆದದ್ದೇ ತಡ, ಮರಣದ ನೀಲಿಪರದೆಯನ್ನೇ ಬಾಮರ್ ಬರೆದರೆಂದು ಪತ್ರಿಕೆಗಳು ಸಾರಿದವು. ಚೆನ್ ಮತ್ತೆ ಬಂದು ತಿದ್ದಬೇಕಾಯಿತು. ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ಸಂಪುಟಗಟ್ಟಲೆ ಜಗಳವಾಡಿದ ನಾಡಿಗೆ ಇದೇನೂ ಹೊಸತಲ್ಲ. ಆಸ್ಥಾನದಲ್ಲಿ ಯಾರೇ ಬರೆಯಲಿ, ಕೃತಿ ಅರಸನ ಕಡೆಗೇ ಹರಿಯುತ್ತದೆ.

ಈಗ ಪಠ್ಯದ ಒಳಗೆ ಇಳಿಯೋಣ. ಮಾದರಿ: ಫೇಟಲ್ ಎಕ್ಸೆಪ್ಷನ್ 0ಇ, ಸ್ಥಳ 0028:ಸಿ0011ಇ36, ವಿಎಕ್ಸ್‌ಡಿ ವಿಎಂಎಂ(01). ಇಲ್ಲಿ 0ಇ ಎಂದರೆ ಹದಿನಾರರ ಲೆಕ್ಕದಲ್ಲಿ 14. ಪ್ರೊಸೆಸರಿನ ಹದಿನಾಲ್ಕನೇ ದೋಷ, ಅಂದರೆ ಮೆಮೊರಿಯಲ್ಲಿ ಇಲ್ಲದ ಪುಟಕ್ಕೆ ಕೈಹಾಕಿದ್ದು. 0028 ಎಂಬುದು ವ್ಯವಸ್ಥೆಯ ಗರ್ಭಗುಡಿಯ ಗುರುತು. ‘ಸಿ’ಯಿಂದ ಆರಂಭವಾಗುವ ವಿಳಾಸವೆಂದರೆ 4 ಜಿಬಿ ವಿಳಾಸವ್ಯಾಪ್ತಿಯ ಕೊನೆಯ 1 ಜಿಬಿ, ವಿಂಡೋಸ್ ತನಗೆಂದೇ ಇಟ್ಟುಕೊಂಡ ಅಗ್ರಹಾರ. ವಿಎಕ್ಸ್‌ಡಿ ಎಂದರೆ ವರ್ಚುವಲ್ ಡಿವೈಸ್ ಡ್ರೈವರ್; ವಿಎಂಎಂ ಎಂದರೆ ವರ್ಚುವಲ್ ಮಷೀನ್ ಮ್ಯಾನೇಜರ್, ಇಡೀ ಸಂಸಾರದ ಯಜಮಾನ.

ಈ ಸಾಲನ್ನು ಓದಿದವರೆಲ್ಲ ವಿಎಂಎಂ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ವಾಚ್ಯಾರ್ಥ. ಧ್ವನಿ ಬೇರೆಯೇ ಇದೆ. ಪರದೆ ಹೇಳುವುದು ಹೆಣ ಎಲ್ಲಿ ಬಿತ್ತು ಎಂಬುದನ್ನು, ಕೊಂದವರ ಹೆಸರನ್ನಲ್ಲ. 98ರ ಚಿತ್ರಚಾಲಕಕ್ಕೆ ಎರಡು ದೇಹ: ಒಂದು 16 ಬಿಟ್‌ನ ಡಿಆರ್‌ವಿ ಕಡತ, ಇನ್ನೊಂದು 32 ಬಿಟ್‌ನ ವಿಎಕ್ಸ್‌ಡಿ. ಈ ವಿಎಕ್ಸ್‌ಡಿಗೆ ಗರ್ಭಗುಡಿಯ ಪ್ರವೇಶವಿದೆ. ಅಲ್ಲಿ ಅದು ಯಾರ ಪುಟದ ಮೇಲೆ ಏನು ಗೀಚಿದರೂ ತಡೆಯುವವರಿಲ್ಲ. ಗೀಚಿ ಹೊರಟುಹೋದ ಎಷ್ಟೋ ಹೊತ್ತಿನ ಮೇಲೆ ಯಜಮಾನ ಆ ಪುಟ ತೆರೆದು ಎದೆ ಹಿಡಿದುಕೊಂಡು ಬೀಳುತ್ತಾನೆ. ಆದ್ದರಿಂದ ಪರದೆಯ ಮೇಲಿನ ಆ ಸಂಖ್ಯೆಗಳನ್ನು ಭಕ್ತಿಯಿಂದ ಬರೆದಿಟ್ಟುಕೊಂಡವರಿಗೆ ಸಿಗುವ ಫಲ, ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ. ಹಾಗೆ ಬೇರೆ ಬೇರೆ ಬರುವುದೇ ಒಂದು ಸುಳಿವು. ಒಂದೇ ವಿಳಾಸ ಮತ್ತೆ ಮತ್ತೆ ಬಂದರೆ ತಂತ್ರಾಂಶದ ಮೇಲೆ ಅನುಮಾನ ಪಡಿ; ದಿನಕ್ಕೊಂದು ಬಂದರೆ ರ‍್ಯಾಮ್, ವಿದ್ಯುತ್ತು, ಬಿಸಿ ಇವುಗಳ ಕಡೆಯೂ ನೋಡಿ.

ಅಧ್ಯಾಯ 3: ಪತನಗಳ ಸಪ್ತವಿಧ ವರ್ಗೀಕರಣ

ಒಂದನೆಯದು ಉತ್ಥಾನಪತನ. ಏಳುವಾಗಲೇ ಬೀಳುವುದು. ವಿಂಡೋಸ್ ಪ್ರೊಟೆಕ್ಷನ್ ಎರರ್ ಎಂಬ ಒಂದು ಸಾಲು, ಮುಂದೆ ಕತ್ತಲೆ. ಆಗ ಎಫ್8 ಒತ್ತಿ ಸೇಫ್ ಮೋಡಿಗೆ ಹೋಗತಕ್ಕದ್ದು. ಅಲ್ಲಿ 640 ಗುಣಿಸು 480ರ ಅಳತೆಯಲ್ಲಿ, ಹದಿನಾರು ಬಣ್ಣದಲ್ಲಿ, ಪುರಾತನ ವಿಜಿಎ ಚಾಲಕವೊಂದು ಕೆಲಸ ಮಾಡುತ್ತದೆ. ಅದು ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಏನೂ ಬರುವುದಿಲ್ಲ. ಸೇಫ್ ಮೋಡಿನ ಡಿವೈಸ್ ಮ್ಯಾನೇಜರಿನಲ್ಲಿ ಒಂದು ವಿಸ್ಮಯ ಕಾದಿರುತ್ತದೆ: ಎಂದೋ ಕಿತ್ತುಹಾಕಿದ ಕಾರ್ಡುಗಳೂ ಪ್ರೇತಗಳಾಗಿ ಅಲ್ಲಿ ಸಾಲಾಗಿ ಕೂತಿರುತ್ತವೆ. ಅವನ್ನೆಲ್ಲ ಒಂದೊಂದಾಗಿ ಅಳಿಸಿದ ಮೇಲೆಯೇ ಹೊಸ ಚಾಲಕಕ್ಕೆ ನೆಮ್ಮದಿ.

ಎರಡನೆಯದು ಕ್ರೀಡಾಪತನ. ಡೆಸ್ಕ್‌ಟಾಪ್ ಮೇಲೆ ಎಲ್ಲ ಸುಖ; ಮೂರು ಆಯಾಮದ ಆಟ ತೆರೆದ ಕೂಡಲೇ ಚಿತ್ರ ಹೆಪ್ಪುಗಟ್ಟಿ ಧ್ವನಿ ಗೊಗ್ಗರಾಗುತ್ತದೆ. ಇದರ ಮೂಲ ಹೆಚ್ಚಾಗಿ ಏಜಿಪಿ. ಇಂಟೆಲ್ 1997ರಲ್ಲಿ ಬೋರ್ಡುಗಳಿಗೆ ತಂದ ಈ ಸ್ಲಾಟು, ಗ್ರಾಫಿಕ್ಸ್ ಕಾರ್ಡಿಗೆ ಮುಖ್ಯ ಮೆಮೊರಿಯನ್ನು ನೇರ ಮುಟ್ಟುವ ಹಕ್ಕು ಕೊಟ್ಟಿತು. ಹಕ್ಕು ಚಲಾಯಿಸಲು ಚಿಪ್‌ಸೆಟ್ಟಿನ ಕಡೆಯಿಂದಲೂ ಒಂದು ಚಾಲಕ ಬೇಕು. ವಿಯಾ ಚಿಪ್‌ಸೆಟ್ಟಿನ ಬೋರ್ಡುಗಳಿಗೆ ಅದಕ್ಕೆಂದೇ ‘ಫೋರ್ ಇನ್ ಒನ್’ ಎಂಬ ಕಟ್ಟು ಇತ್ತು. ಮೊದಲು ಅದು, ಆಮೇಲೆ ಡೈರೆಕ್ಟ್‌ಎಕ್ಸ್, ಕೊನೆಗೆ ಚಿತ್ರಚಾಲಕ. ಈ ಕ್ರಮ ತಪ್ಪಿದರೆ ಪೂಜೆ ನಿಷ್ಫಲ. ಅದಕ್ಕೂ ಬಗ್ಗದಿದ್ದರೆ ಬಯೋಸಿಗೆ ಹೋಗಿ ಏಜಿಪಿ ವೇಗವನ್ನು 4ಎಕ್ಸ್‌ನಿಂದ 2ಎಕ್ಸ್‌ಗೆ, ಬೇಕಾದರೆ 1ಎಕ್ಸ್‌ಗೆ ಇಳಿಸಬೇಕು. ಆಟದ ವೇಗದಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಆ 4ಎಕ್ಸ್ ಯಾರ ಉದ್ಧಾರಕ್ಕೆ ಇತ್ತು ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಮೂರನೆಯದು ಸಂಪತ್ಪತನ, ಅತಿಯಾದ ಐಶ್ವರ್ಯದಿಂದ ಬರುವುದು. ಇಂದು ಹಳೆಯ ರ‍್ಯಾಮ್ ಅಗ್ಗ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬುಟ್ಟಿಯಲ್ಲಿ ಕೈಯಾಡಿಸಿದರೆ ಸಿಗುತ್ತದೆ. ಆಸೆಗೆ 1 ಜಿಬಿ ತುಂಬಿಸಿದರೆ, 98ರ ಡಿಸ್ಕ್ ಕ್ಯಾಶೆಯು ಮೇಲೆ ಹೇಳಿದ ಅಗ್ರಹಾರವನ್ನೆಲ್ಲ ತಾನೇ ಕಬಳಿಸುತ್ತದೆ. ಏಜಿಪಿಗೂ ಅಲ್ಲೇ ಜಾಗ ಬೇಕು. ಇಬ್ಬರಿಗೂ ಸಾಲದೆ ಕಂಪ್ಯೂಟರು ‘ಮೆಮೊರಿ ಸಾಲದು’ ಎನ್ನುತ್ತದೆ, 1 ಜಿಬಿ ಇಟ್ಟುಕೊಂಡು! ಸಿಸ್ಟಂ.ಐಎನ್‌ಐ ಕಡತದ ವಿಕ್ಯಾಶೆ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶೆಗೆ ಒಂದು ಮಿತಿ ಹಾಕುವುದು, ಬಯೋಸಿನಲ್ಲಿ ಏಜಿಪಿ ಅಪರ್ಚರನ್ನು 64 ಎಂಬಿಗೆ ಇಳಿಸುವುದು ಶಾಸ್ತ್ರೋಕ್ತ ಪರಿಹಾರ. 512 ಎಂಬಿ ಮೀರದಿರುವುದು ಇನ್ನೂ ಉತ್ತಮ.

ನಾಲ್ಕನೆಯದು ಸಹವಾಸಪತನ. ಏಜಿಪಿ ಸ್ಲಾಟಿನ ಪಕ್ಕದ ಪಿಸಿಐ ಸ್ಲಾಟು ಸಾಮಾನ್ಯವಾಗಿ ಅದರ ಐಆರ್‌ಕ್ಯೂ ಗೆರೆಯನ್ನೇ ಹಂಚಿಕೊಳ್ಳುತ್ತದೆ. ಅಲ್ಲಿ ಸೌಂಡ್ ಕಾರ್ಡು ಕೂರಿಸಿದರೆ ನೆರೆಮನೆ ಜಗಳ. ಕಿತ್ತು ಬೇರೆ ಸ್ಲಾಟಿಗೆ ಹಾಕಿ.

ಐದನೆಯದು ತಾಪಪತನ, ಆರನೆಯದು... ಇರಲಿ.

ಇರಲಿ ಎನ್ನಲು ಕಾರಣವಿದೆ. ಎಸ್‌ಪಿ ರೋಡಿನ ಒಂದು ಮಹಡಿ ಅಂಗಡಿಯಲ್ಲಿ, ಬೆಸುಗೆ ಕಡ್ಡಿ ಹಿಡಿದು ಕೂತಿದ್ದ ಹುಡುಗನಿಗೆ ನಾನು ಈ ಸಪ್ತವಿಧವನ್ನು ವಿವರಿಸತೊಡಗಿದೆ. ಅವನು ಟಾರ್ಚು ಬಿಟ್ಟು ಬೋರ್ಡನ್ನು ಒಮ್ಮೆ ನೋಡಿದ. “ಕ್ಯಾಪ್ ಊದ್ಕೊಂಡಿದೆ ಸಾರ್. ಡ್ರೈವರ್ ಪಾಪ ಏನ್ ಮಾಡತ್ತೆ?” ಏಜಿಪಿ ಸ್ಲಾಟಿನ ಬಳಿ ಸಾಲಾಗಿ ನಿಂತ ಕೆಪಾಸಿಟರುಗಳ ತಲೆ ಉಬ್ಬಿ, ಒಂದರ ನೆತ್ತಿಯಲ್ಲಿ ಕಂದು ರಸ ಒಸರಿತ್ತು. 2000ದ ಆಸುಪಾಸಿನಿಂದ ಮುಂದಿನ ಕೆಲವು ವರ್ಷ ತಯಾರಾದ ಬೋರ್ಡುಗಳಲ್ಲಿ ಇದೊಂದು ದೊಡ್ಡ ಪಿಡುಗು. ಕಳಪೆ ಎಲೆಕ್ಟ್ರೋಲೈಟ್ ಒಳಗೇ ಅನಿಲ ಬಿಟ್ಟು ಡಬ್ಬಿಯನ್ನು ಉಬ್ಬಿಸುತ್ತದೆ. ಆಮೇಲೆ ಕಾರ್ಡಿಗೆ ಹೋಗುವ ವಿದ್ಯುತ್ತು ಸಮನಾಗಿರುವುದಿಲ್ಲ. ಕಾರ್ಡು ಹೆಚ್ಚು ಎಳೆದ ಕ್ಷಣ ವೋಲ್ಟೇಜು ಕುಸಿದು ಚಾಲಕ ಸಾಯುತ್ತದೆ. ಪರದೆಯ ಮೇಲೆ ಮಾತ್ರ 0ಇ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟೇಜಿನ, ಕಡಿಮೆ ಇಎಸ್‌ಆರ್ ಇರುವ ಹೊಸ ಕೆಪಾಸಿಟರು ಹಾಕಿದರೆ ಮುಗಿಯಿತು. ಸಪ್ತವಿಧದಲ್ಲಿ ಉಳಿದವನ್ನು ಆಸಕ್ತರು ತಾವೇ ಊಹಿಸಿಕೊಳ್ಳಬಹುದು.

ಅಧ್ಯಾಯ 4: ಪರಿಹಾರ ಪಂಥಗಳು ಮತ್ತು ಪಾಠಾಂತರ ಸಮಸ್ಯೆ

ಪುನರಾರಂಭವಾದಿಗಳು ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಪ್ರಳಯವಾದಿಗಳು ಫಾರ್ಮ್ಯಾಟ್ ಮಾಡಿ ಎನ್ನುತ್ತಾರೆ. ಇವರ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ.

ನಿಜವಾದ ವಿದ್ವತ್ತು ಬೇಕಾಗುವುದು ಪಾಠಾಂತರದಲ್ಲಿ. ಎನ್‌ವಿಡಿಯಾದ ಜೀಫೋರ್ಸ್ 2 ಎಂಎಕ್ಸ್ ಕಾರ್ಡನ್ನೇ ನೋಡಿ, 2000ದಲ್ಲಿ ಬಂದದ್ದು. 98ಕ್ಕೆ ಆ ಕಂಪನಿಯ ಕೊನೆಯ ಅಧಿಕೃತ ಚಾಲಕ 81.98, 2005ರ ಕೊನೆಯದು. ನವ್ಯರು ಅದನ್ನೇ ಹಾಕುತ್ತಾರೆ: ಹೊಸದು, ಆದ್ದರಿಂದ ಶ್ರೇಷ್ಠ. ಆದರೆ ಆ ಹೊತ್ತಿಗೆ ಚಾಲಕ ಬರೆಯುವವರ ಗಮನವೆಲ್ಲ ಮುಂದಿನ ತಲೆಮಾರಿನ ಕಾರ್ಡುಗಳ ಮೇಲಿತ್ತು. ಹಳೆಯ ಯಂತ್ರ ಕಟ್ಟುವವರಲ್ಲಿ ಅನೇಕರು 45.23ರಂಥ ಹಿಂದಿನ ಪಾಠಗಳನ್ನೇ ನಂಬುವುದು ಇದಕ್ಕೇ. ಹಸ್ತಪ್ರತಿ ಶಾಸ್ತ್ರದವರು ಒಪ್ಪುವ ಮಾತು: ಕೊನೆಯ ಲಿಪಿಕಾರ ಹೆಚ್ಚು ತಿದ್ದಿರುತ್ತಾನೆ, ಕಡಿಮೆ ಅರ್ಥಮಾಡಿಕೊಂಡಿರುತ್ತಾನೆ.

ಅಧಿಕೃತ ಪಂಥವೂ ಒಂದಿದೆ. ಕಂಟ್ರೋಲ್ ಪ್ಯಾನೆಲ್, ಸಿಸ್ಟಂ, ಪರ್ಫಾರ್ಮೆನ್ಸ್, ಗ್ರಾಫಿಕ್ಸ್ ಎಂದು ಒಳಹೊಕ್ಕರೆ ಹಾರ್ಡ್‌ವೇರ್ ವೇಗವರ್ಧನೆಯ ನಾಲ್ಕು ಮೆಟ್ಟಿಲಿನ ಸ್ಲೈಡರ್ ಸಿಗುತ್ತದೆ. ಬೀಳುತ್ತಿದ್ದರೆ ಒಂದು ಮೆಟ್ಟಿಲು ಇಳಿಸಿ, ಇನ್ನೂ ಬಿದ್ದರೆ ಮತ್ತೊಂದು. ಎಲ್ಲ ಇಳಿಸಿದ ಮೇಲೆ ಕಾರ್ಡು ಬೀಳುವುದಿಲ್ಲ, ಏನೂ ಮಾಡುವುದೂ ಇಲ್ಲ. ತೋಳು ನೋಯುತ್ತದೆ ಎಂದವನಿಗೆ ಎತ್ತಬೇಡ ಎಂದು ಹೇಳಿ ಫೀಸು ತೆಗೆದುಕೊಂಡ ಹಾಗಾಯಿತು.

ಇಲ್ಲಿಗೆ ಈ ಪ್ರಬಂಧದ ಸಂಯಮ ಮುಗಿಯುತ್ತದೆ. ವಿಂಡೋಸ್ 98 ತಾನೇ ಬೀಳುತ್ತದೆ. ಬಿದ್ದ ಮೇಲೆ ಬೇರೆ ದಾರಿ ಇಲ್ಲದೆ ನೀವು ಸ್ವಿಚ್ಚು ಒತ್ತುತ್ತೀರಿ. ಮತ್ತೆ ಏಳುವಾಗ ಅದು ನಿಮಗೇ ಹೇಳುತ್ತದೆ: ಸರಿಯಾಗಿ ಶಟ್ ಡೌನ್ ಮಾಡಲಿಲ್ಲ, ಅದಕ್ಕೆ ಡಿಸ್ಕ್ ಪರೀಕ್ಷಿಸುತ್ತಿದ್ದೇನೆ, ಈ ಸಂದೇಶ ಮತ್ತೆ ಬರಬಾರದೆಂದಿದ್ದರೆ ಮುಂದೆ ಸ್ಟಾರ್ಟ್ ಮೆನುವಿನಿಂದಲೇ ಮುಚ್ಚತಕ್ಕದ್ದು. ಯಾವ ಸ್ಟಾರ್ಟ್ ಮೆನು? ಸತ್ತುಹೋಗಿತ್ತಲ್ಲ ಅದು! ಇಂಗ್ಲಿಷ್ ಅಷ್ಟಾಗಿ ಬಾರದ ಎಷ್ಟು ಜನ, ಟೈಪಿಂಗ್ ಇನ್ಸ್‌ಟಿಟ್ಯೂಟುಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಆ ಸಂದೇಶದ ಮುಂದೆ ತಪ್ಪಿತಸ್ಥರಂತೆ ಕೂತಿದ್ದರೋ. ತಾನು ಮುಟ್ಟಿದ್ದರಿಂದಲೇ ಕೆಟ್ಟಿತೆಂದು ಹೆದರಿ ಕೀಬೋರ್ಡಿನಿಂದ ಕೈ ತೆಗೆದವರನ್ನು ನಾನೇ ನೋಡಿದ್ದೇನೆ. ಕಾರ್ಡು ಮಾರಿದವರಿಗೆ ಫೋನು ಮಾಡಿದರೆ ಬೋರ್ಡಿನವರನ್ನು ಕೇಳಿ ಎಂದರು, ಬೋರ್ಡಿನವರು ಡ್ರೈವರ್ ಕಡೆ ಕೈ ತೋರಿಸಿದರು. ಎಲ್ಲರಿಗೂ ಒಬ್ಬೊಬ್ಬ ದೋಷಿ ಸಿಕ್ಕಿದ್ದ. ಕೊನೆಗೆ ಉಳಿದವನು ದುಡ್ಡು ಕೊಟ್ಟವನು.

ಈಗ ದೂರು ಹೇಳಲೂ ಯಾರಿಲ್ಲ. ಮೈಕ್ರೋಸಾಫ್ಟ್ 2006ರ ಜುಲೈ 11ಕ್ಕೆ 98ರ ಬೆಂಬಲ ನಿಲ್ಲಿಸಿತು. ವೂಡೂ ಕಾರ್ಡುಗಳಿಂದ ಜಗತ್ತನ್ನೇ ಬೆರಗುಗೊಳಿಸಿದ 3ಡಿಎಫ್‌ಎಕ್ಸ್ 2000ದ ಡಿಸೆಂಬರಿನಲ್ಲಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಲು ಒಪ್ಪಿ ಅಂಗಡಿ ಮುಚ್ಚಿತು. ಆಮೇಲೆ ಅದರ ಚಾಲಕಗಳನ್ನು ಉಳಿಸಿ ತಿದ್ದಿಕೊಂಡು ಬಂದವರು ಸಂಬಳವಿಲ್ಲದ ಹವ್ಯಾಸಿಗಳು. ಕಾರ್ಡು ಚೆನ್ನಾಗಿದೆ, ಅದರ ಜೊತೆ ಬಂದ ಸಿಡಿ ಮಾತ್ರ ಗೀರುಬಿದ್ದು ಹೋಗಿದೆ ಎಂಬ ಸ್ಥಿತಿ ಮನೆಮನೆಯದು.

ಅಧ್ಯಾಯ 5: ಮೌಖಿಕ ಪರೀಕ್ಷೆಗೆ ಪೂರ್ವಸಿದ್ಧತೆ

ಬಾಹ್ಯ ಪರೀಕ್ಷಕರು ಕೇಳಲಿರುವ ಪ್ರಶ್ನೆ ಗೊತ್ತೇ ಇದೆ: ಇಷ್ಟೆಲ್ಲ ಯಾಕೆ, ಹೊಸ ಕಂಪ್ಯೂಟರು ಕೊಳ್ಳಬಾರದೇ?

ನಾನು ಹೇಳುತ್ತಿರುವ ಯಂತ್ರ ಆಟಕ್ಕೆ ಇಟ್ಟದ್ದಲ್ಲ. ಅದು ಒಂದು ಮುದ್ರಣಾಲಯದ ಡಿಟಿಪಿ ಕಂಪ್ಯೂಟರು. ಅದರಲ್ಲಿ ಪೇಜ್‌ಮೇಕರ್ ಕಡತಗಳಿವೆ: ಕಥಾಸಂಕಲನಗಳು, ಊರ ಇತಿಹಾಸ, ನಿಂತುಹೋದ ಒಂದು ವಾರಪತ್ರಿಕೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಫಾಂಟು ಮಾಡುವ ಪ್ರತಿಯೊಂದು ಕಂಪನಿಗೂ ತನ್ನದೇ ಸಂಕೇತ. ಹೊಸ ಯಂತ್ರಕ್ಕೆ ನಕಲು ಮಾಡಿದರೆ ಕಥೆಯ ಬದಲು ಚುಕ್ಕೆ ಇಟ್ಟ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ನುಡಿ, ಬರಹ ತಂತ್ರಾಂಶಗಳ ಕಡತಗಳಿಗಾದರೆ ಪರಿವರ್ತಕಗಳಿವೆ. ಅದಕ್ಕೂ ಹಿಂದಿನ ಎಷ್ಟೋ ಫಾಂಟುಗಳಿಗೆ ಅಂಥ ಸುಲಭದ ದಾರಿಯಿಲ್ಲ. ಈ ಯಂತ್ರದಲ್ಲಿ ಆ ಫಾಂಟುಗಳ ತಂತ್ರಾಂಶ ತೆರೆಯಬೇಕಾದರೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೀಗ ಬೇಕು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಸೇಫ್ ಮೋಡಿನ 640 ಗುಣಿಸು 480ರಲ್ಲಿ ಪುಟ ತೆರೆದರೆ ಕಾಲುಭಾಗ ಕಾಣುತ್ತದೆ. ಹಾಗಾಗಿ ಚಿತ್ರಚಾಲಕ ನಿಲ್ಲಬೇಕು. ಒಂದೊಂದು ಪುಸ್ತಕವನ್ನೂ ತೆರೆದು, ಮುದ್ರಿಸಿ, ಮತ್ತೆ ಕೈಯಲ್ಲಿ ಟೈಪು ಮಾಡಿ ಮುಗಿಯುವವರೆಗಾದರೂ ನಿಲ್ಲಬೇಕು. ಈ ಖರ್ಚನ್ನು ಯಾವ ಅಕಾಡೆಮಿಯಿಂದಲೂ ನಾವು ಕೇಳಿಲ್ಲ, ಕೇಳಿದರೆ ಮೊದಲು ವಿಚಾರಸಂಕಿರಣ ಮಾಡುತ್ತಾರೆ.

ಪ್ರಶ್ನೆ ಕೇಳುವ ಪರೀಕ್ಷಕರು, 1999ರ ಸುಮಾರಿಗೆ ಅಚ್ಚು ಹಾಕಿಸಿದ ತಮ್ಮದೇ ಪ್ರಬಂಧದ ಮೂಲ ಕಡತ ಯಾವ ಫ್ಲಾಪಿಯಲ್ಲಿದೆ, ಯಾವ ಫಾಂಟಿನಲ್ಲಿದೆ ಎಂದು ಮೊದಲು ತಿಳಿಸಬೇಕಾಗಿ ಕೋರಿಕೆ. ಫ್ಲಾಪಿ ಓದುವ ಯಂತ್ರ ನಮ್ಮಲ್ಲಿದೆ. ಕ್ಯಾಪ್ ಬದಲಾಗಿದೆ, ಏಜಿಪಿ 1ಎಕ್ಸ್‌ನಲ್ಲಿ ನಿಂತಿದೆ. ಬರುವಾಗ ಬೀಗವನ್ನೂ ತರಲಿ.