ಮಂಕಾದದ್ದು ಅಮ್ಮನ ಕಣ್ಣಲ್ಲ: ಬಲ್ಬ್ ತಯಾರಕರಿಗೊಂದು ಬಹಿರಂಗ ಪತ್ರ

ಎಲ್‌ಇಡಿ ಬಲ್ಬ್ ತಯಾರಿಸುವ ಮಾನ್ಯರೇ,

ಸಾಗರದ ಹತ್ತಿರದ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ನಮ್ಮಮ್ಮ, "ಕಣ್ಣು ಯಾಕೋ ಮಂಜಾಗ್ತಿದೆ ಮಾರಾಯ, ಡಾಕ್ಟರ ಹತ್ರ ಒಂದ್ಸಲ ತೋರಿಸ್ಬೇಕು" ಎನ್ನುತ್ತಿದ್ದರು. ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ. ಸಾಸಿವೆ ಡಬ್ಬಿಯನ್ನು ಕಿಟಕಿಯ ಹತ್ತಿರ ಹಿಡಿದು ನೋಡುತ್ತಿದ್ದರು. ಕಳೆದ ವಾರ ಅಡುಗೆಮನೆಯ ಬಲ್ಬ್ ಮಿಣಮಿಣ ಎಂದು ಪೂರ್ತಿ ಆರಿಹೋಯಿತು. ಹೊಸದು ಹಾಕಿದ ಸಂಜೆಯೇ ಅಮ್ಮನ ಕಣ್ಣು ಸರಿಹೋಯಿತು. ದಿನಕ್ಕಿಷ್ಟಿಷ್ಟೇ ಮಂಕಾಗುವ ಬೆಳಕು ಮನೆಯವರ ಗಮನಕ್ಕೆ ಬರುವುದಿಲ್ಲ. ವಯಸ್ಸಾದವರು ತಮ್ಮ ಕಣ್ಣನ್ನೇ ದೂರುತ್ತಾರೆ. ಅದಕ್ಕೇ ಈ ಪತ್ರ.

ಬಲ್ಬಿನ ಡಬ್ಬಿಯ ಮೇಲೆ 25,000 ಗಂಟೆ ಎಂದು ಅಚ್ಚಾಗಿತ್ತು. ದಿನಕ್ಕೆ ಐದು ಗಂಟೆ ಉರಿಸಿದರೆ 5,000 ದಿನ, ಅಂದರೆ ಹದಿಮೂರು ವರ್ಷ ದಾಟಬೇಕು. ನಮ್ಮನೆಯಲ್ಲಿ ಅದು ಬಾಳಿದ್ದು ಹದಿನಾಲ್ಕು ತಿಂಗಳು.

ಕೆಟ್ಟ ಬಲ್ಬನ್ನು ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಹುಡುಗನಿಗೆ ಕೊಟ್ಟೆ. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಬಿಳಿ ಟೋಪಿಯನ್ನು ತೆಗೆದ. ಒಳಗೆ ಅಂಗೈಗಿಂತ ಚಿಕ್ಕ ಅಲ್ಯುಮಿನಿಯಂ ಬಿಲ್ಲೆ, ಅದರ ಮೇಲೆ ಹನ್ನೆರಡು ಹಳದಿ ಎಲ್‌ಇಡಿ ಚುಕ್ಕಿಗಳು. ಒಂದರ ನಡುವೆ ಮಾತ್ರ ಎಳ್ಳಿನಷ್ಟು ಕಪ್ಪು ಕಲೆ. "ಇದೊಂದು ಸುಟ್ಟಿದೆ ಸಾರ್, ಉಳಿದ ಹನ್ನೊಂದೂ ಚೆನ್ನಾಗಿವೆ" ಎಂದ. ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದು ಹೋದರೆ ಕರೆಂಟಿನ ದಾರಿಯೇ ಮುಚ್ಚುತ್ತದೆ. ಹನ್ನೊಂದು ಒಳ್ಳೆಯ ದೀಪಗಳು ಒಂದರ ಜೊತೆ ತಿಪ್ಪೆ ಸೇರುತ್ತವೆ.

ಇದರಲ್ಲಿ ಎಲ್‌ಇಡಿಯ ತಪ್ಪಿಲ್ಲ. ಈ ಬಿಳಿ ಬೆಳಕಿಗೆ ದಾರಿಯಾದ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. 2015ರ ಜನವರಿಯಲ್ಲಿ ಎಲ್‌ಇಡಿ ಬಲ್ಬ್ ಹಂಚುವ ಉಜಾಲಾ ಯೋಜನೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ಅರವತ್ತು ವಾಟಿನ ಹಳೇ ಬುರುಡೆ ಬಲ್ಬಿನ ಜಾಗಕ್ಕೆ ಒಂಬತ್ತು ವಾಟಿನದ್ದು ಬಂದದ್ದು ಹಳ್ಳಿಮನೆಗಳಿಗೆ ನಿಜಕ್ಕೂ ದೊಡ್ಡ ಉಪಕಾರ. ಆ ಉಪಕಾರ ಕೆಡುತ್ತಿದೆಯಲ್ಲ ಎಂಬುದೇ ನನ್ನ ಸಂಕಟ.

ಕೆಡಿಸುತ್ತಿರುವುದು ಬಿಸಿ. ಎಲ್‌ಇಡಿ ತಣ್ಣಗಿನ ದೀಪ ಎಂದು ಜನ ನಂಬಿದ್ದಾರೆ, ಆದರೆ ಉರಿಯುವ ಬಲ್ಬಿನ ಕತ್ತು ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿ ಹೊರಗೆ ಹೋಗಲು ಲೋಹ ಬೇಕು. ನೀವು ಲೋಹವನ್ನು ತೆಳುಮಾಡಿ ಪ್ಲಾಸ್ಟಿಕ್ ಹೊದಿಸಿದಿರಿ. ಚುಕ್ಕಿಗಳ ಸಂಖ್ಯೆ ಇಳಿಸಿ, ಉಳಿದವಕ್ಕೆ ಹೆಚ್ಚು ಕರೆಂಟ್ ಹರಿಸಿ ಅಷ್ಟೇ ಬೆಳಕು ತೆಗೆದಿರಿ. ಹಲವು ಬಲ್ಬುಗಳ ಬುಡದಲ್ಲಿ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಳಗಿನ ದ್ರವ ಒಣಗಿದಂತೆ ಬಲ್ಬ್ ಮಿಣಕತೊಡಗುತ್ತದೆ. ಒಲೆಯ ಮೇಲಿನ ಬಲ್ಬ್, ಮುಚ್ಚಿದ ಗಾಜಿನ ಬುರುಡೆಯೊಳಗಿನ ಬಲ್ಬ್ ಬೇಗ ಹೋಗುವುದು ಇದಕ್ಕೇ.

ಇನ್ನೊಂದು ಮಾತು. ಎಲ್‌ಇಡಿಯ ಆಯುಸ್ಸು ಎಂದರೆ ಸಾಮಾನ್ಯವಾಗಿ ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುವವರೆಗಿನ ಅವಧಿ. ಆಮೇಲೂ ಅದು ಉರಿಯುತ್ತದೆ, ಆದರೆ ನಿಮ್ಮ ಲೆಕ್ಕದಲ್ಲಿ ಸತ್ತಿರುತ್ತದೆ. ಇದು ನಿಮಗೆ ಗೊತ್ತು. ಅಕ್ಕಿ ಆರಿಸುವ ನಮ್ಮಮ್ಮನಿಗೆ ಯಾರು ಹೇಳಬೇಕು?

ಎಲ್ಲ ತಪ್ಪೂ ನಿಮ್ಮದೇ ಎನ್ನುವುದಿಲ್ಲ. ಮಂಕಾದ ಬಲ್ಬನ್ನು ಬೇರೆ ಕೋಣೆಯ ಹೋಲ್ಡರಿಗೆ ಹಾಕಿ ನೋಡಬೇಕು. ಅಲ್ಲಿ ಚೆನ್ನಾಗಿ ಉರಿದರೆ ಕೆಟ್ಟಿರುವುದು ಬಹುಶಃ ಹೋಲ್ಡರ್. ಅದರ ಪಿನ್ನು ಕಪ್ಪಾಗಿ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಒಂದು ಕೋಣೆಯ ದೀಪ ಪ್ರಖರವಾಗಿ, ಇನ್ನೊಂದರದ್ದು ಮಂಕಾಗಿ ತೂಗಾಡಿದರೆ ನ್ಯೂಟ್ರಲ್ ಸಡಿಲಗೊಂಡಿರಬಹುದು. ಆಗ ಮೇನ್ ಆಫ್ ಮಾಡಿ ಲೈನ್‌ಮನ್ನನ್ನು ಕರೆಯಬೇಕು, ತಡಮಾಡಿದರೆ ಟಿವಿ, ಫ್ರಿಜ್ಜೂ ಸುಟ್ಟಾವು. ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬ್ ಮಿಣುಕುಹುಳದಂತೆ ಹೊಳೆಯುತ್ತಿದ್ದರೆ, ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದೆಯೇ ನೋಡಿ, ಇದ್ದರೆ ಕಾರಣ ಅದೇ ಇರಬಹುದು. ಇಲ್ಲದಿದ್ದರೆ ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಹಾಕಿರಬಹುದು. ಹಾಗಿದ್ದಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ, ಬಲ್ಬ್ ಬದಲಿಸುವವರ ಜೀವಕ್ಕೇ ಅಪಾಯ. ಕೂಡಲೇ ಎಲೆಕ್ಟ್ರಿಷಿಯನ್ನಿಗೆ ತೋರಿಸಬೇಕು. ಟೋಪಿ ತೆಗೆದ ಬಲ್ಬನ್ನು ಮನೆಯಲ್ಲಿ ಉರಿಸಿ ಪರೀಕ್ಷಿಸುವ ಸಾಹಸವೂ ಬೇಡ. ಅಗ್ಗದ ಬಲ್ಬಿನೊಳಗಿನ ಆ ಬಿಲ್ಲೆಗೆ 230 ವೋಲ್ಟಿನ ನೇರ ಸಂಬಂಧವಿರುತ್ತದೆ.

ಮಾನ್ಯರೇ, ನಾನು ಕೇಳುತ್ತಿರುವುದು ಸಣ್ಣ ಸಂಗತಿಗಳು. ಚುಕ್ಕಿಗಳಿಗೆ ತಾಳುವಷ್ಟೇ ಕರೆಂಟ್ ಕೊಡಿ. ಎಷ್ಟು ಬಿಸಿಯವರೆಗೆ ಆ ಗಂಟೆಗಳ ಲೆಕ್ಕ ನಿಲ್ಲುತ್ತದೆ, ಮುಚ್ಚಿದ ಬುರುಡೆಯೊಳಗೆ ಹಾಕಬಹುದೇ ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಬರೆಯಿರಿ. ಟೋಪಿಯನ್ನು ಅಂಟಿನಿಂದ ಮೆತ್ತಬೇಡಿ, ರಿಪೇರಿ ಹುಡುಗನಿಗೆ ಬಿಚ್ಚಲು ಬರುವಂತೆ ಮಾಡಿ. ನೂರಿನ್ನೂರು ರೂಪಾಯಿಯ ವಸ್ತು ಎಂದು ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಆ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಓದುಗರಲ್ಲೂ ಒಂದು ವಿನಂತಿ. ಬಲ್ಬ್ ಕೊಂಡಾಗ ಬಿಲ್ ಕೇಳಿ ಪಡೆಯಿರಿ, ಹಾಕುವ ಮೊದಲು ಅದರ ಕತ್ತಿನ ಮೇಲೆ ಮಾರ್ಕರಿನಿಂದ ತಾರೀಖು ಬರೆಯಿರಿ. ವಾರಂಟಿಯೊಳಗೆ ಕೆಟ್ಟರೆ ಎಸೆಯದೆ ಅಂಗಡಿಗೇ ಒಯ್ದು ಬದಲಿ ಕೇಳಿ. ಮನೆಯಲ್ಲಿ ಹಿರಿಯರು ಕಣ್ಣು ಮಂಜು ಎಂದರೆ ಡಾಕ್ಟರಿಗೆ ಖಂಡಿತ ತೋರಿಸಿ, ಹೊರಡುವ ಮುಂಚೆ ಅವರು ಕೂರುವ ಜಾಗದ ಬಲ್ಬನ್ನೂ ಒಮ್ಮೆ ನೋಡಿ.

ಇಂತಿ,
ಅಡುಗೆಮನೆಯ ಬಲ್ಬ್ ಬದಲಿಸಿದ ಒಬ್ಬ ಗ್ರಾಹಕ