ನೆಲ ಡೊಂಕು: ಒಂದು ಬಲಮಂಡಿಯ ಸಂದರ್ಶನ

ಬೇಸಿಗೆಯ ವರ್ಲ್ಡ್ ಟೆನ್‌ಕೆ ಓಟ ಮುಗಿದ ಮಾರನೆಯ ದಿನ ಬೆಂಗಳೂರಿನ ಆಫೀಸುಗಳಲ್ಲಿ ಲಿಫ್ಟ್ ಮುಂದೆ ಸಾಲು ಉದ್ದವಾಗುತ್ತದೆ. ಮೆಟ್ಟಿಲು ಹೇಗೋ ಹತ್ತಬಹುದು, ಇಳಿಯುವಾಗ ಜೀವ ಹೋಗುತ್ತದೆ. ಯಾಕೆ ಅಂತ ಬೇರೆ ಹೇಳಬೇಕೆ? ರಸ್ತೆಗೆ ಸಿಮೆಂಟಿನ ವೈಟ್ ಟಾಪಿಂಗ್, ಪಾರ್ಕಿಗೆ ಇಂಟರ್‌ಲಾಕ್ ಕಲ್ಲು, ಕಾಲಿಡಲು ಒಂದು ಗೇಣು ಮಣ್ಣಿಲ್ಲ. ನಾನು ಇದನ್ನೇ ಬರೆದೂ ಬರೆದೂ ಸಂಪಾದಕರಿಗೆ ಬೇಸರ ಬಂದಿದೆ. ಹಾಗಾಗಿ ಈ ಸಲ ಸಂತ್ರಸ್ತರನ್ನೇ ಮಾತಾಡಿಸೋಣವೆಂದು ನನ್ನ ಬಲಮಂಡಿಯ ಮುಂದೆ ಮೈಕ್ ಹಿಡಿದೆ. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ ಮಾತಿಗೆ ಸಿಕ್ಕಿತು.

ಅಂಕಣ: ಗಟ್ಟಿ ನೆಲ ತಮ್ಮನ್ನು ಹೇಗೆ ಹಾಳು ಮಾಡಿತು ಅನ್ನುವಲ್ಲಿಂದ ಶುರು ಮಾಡೋಣವೇ?

ಮಂಡಿ: ಪೃಷ್ಠದಿಂದ ಶುರು ಮಾಡೋಣ.

ಅಂಕಣ: ಎಲ್ಲಿಂದ?

ಮಂಡಿ: ಪೃಷ್ಠ ಸ್ವಾಮಿ, ಪೃಷ್ಠ. ದಿನಾ ಒಂಬತ್ತು ಗಂಟೆ ಯಾವುದರ ಮೇಲೆ ಕೂರುತ್ತೀರೋ ಅದು. ಇಡೀ ಮೈಯಲ್ಲಿ ಅತಿ ದೊಡ್ಡ ಸ್ನಾಯು ಇರುವುದು ಅಲ್ಲಿ. ಓಡುವಾಗ ತೊಡೆ ಅತ್ತಿತ್ತ ವಾಲದಂತೆ ಹಿಡಿಯುವುದು ಅದರದ್ದೂ ಅದರ ಪಕ್ಕದವರದ್ದೂ ಕೆಲಸ. ಕುರ್ಚಿ ಸುಖದಲ್ಲಿ ಅವರೆಲ್ಲ ನಿದ್ದೆ ಹೋಗಿದ್ದಾರೆ. ಭಾನುವಾರ ಬೆಳಿಗ್ಗೆ ನೀವು ಓಡಿದಿರೋ, ತೊಡೆ ಒಳಕ್ಕೆ ವಾಲುತ್ತದೆ, ನನ್ನ ಚಿಪ್ಪು ಜಾಡು ತಪ್ಪಿ ಉಜ್ಜುತ್ತದೆ. ನಾನು ಮಧ್ಯದ ಗುಮಾಸ್ತ. ಮೇಲೆ ಸೊಂಟ ಸಾಹೇಬರು, ಕೆಳಗೆ ಪಾದದ ಸಿಬ್ಬಂದಿ. ತಪ್ಪು ಯಾರದ್ದೇ ಇರಲಿ, ಅಮಾನತು ನನಗೆ.

ಅಂಕಣ: ಇರಬಹುದು. ಆದರೆ ಪಾರ್ಕಿನ ಇಂಟರ್‌ಲಾಕ್ ಕಲ್ಲು...

ಮಂಡಿ: ಒಂದೊಂದು ಹೆಜ್ಜೆಗೂ ನೆಲ ನಿಮ್ಮ ತೂಕದ ಎರಡೂವರೆ ಪಟ್ಟು ಎದುರೇಟು ಕೊಡುತ್ತದೆ. ಹತ್ತು ಕಿಲೋಮೀಟರ್ ಅಂದರೆ ನನ್ನ ಒಬ್ಬನ ಪಾಲಿಗೇ ಐದು ಸಾವಿರಕ್ಕೂ ಹೆಚ್ಚು ಏಟು. ವಾರವಿಡೀ ಕೂತು ಭಾನುವಾರ ಅಷ್ಟನ್ನೂ ಒಟ್ಟಿಗೆ ತಂದು ಸುರಿದರೆ?

ಅಂಕಣ: ನೋಡಿ, ನೀವೇ ಒಪ್ಪಿಕೊಂಡಿರಿ, ಏಟು ಕೊಡುವುದು ನೆಲ! ಮಣ್ಣಾಗಿದ್ದರೆ...

ಮಂಡಿ: ಮಣ್ಣಾಗಿದ್ದರೆ ನಾನು ಸೆಟೆದುಕೊಳ್ಳುತ್ತೇನೆ, ಗಟ್ಟಿಯಾಗಿದ್ದರೆ ಒಂಚೂರು ಹೆಚ್ಚು ಬಾಗುತ್ತೇನೆ. ನಿಮ್ಮನ್ನು ಕೇಳದೆಯೇ ಹೊಂದಿಸಿಕೊಳ್ಳುತ್ತೇನೆ. 1960ರಲ್ಲಿ ಅಬೆಬೆ ಬಿಕಿಲ ರೋಮಿನ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನ್ ಗೆದ್ದ. ದಾರಿಯಲ್ಲಿ ಕಲ್ಲು ಹಾಸಿನ ಹಳೇ ರಸ್ತೆಯೂ ಇತ್ತು. ಅವನು ಮಂಡಿಗೆ ಮೈಕ್ ಹಿಡಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಂಕಣ: ಬೆಂಗಳೂರಿನಲ್ಲಿ ನೆಲ ನಿಜಕ್ಕೂ ಡೊಂಕು ಸ್ವಾಮಿ! ಮಳೆನೀರು ಇಳಿದುಹೋಗಲೆಂದು ರಸ್ತೆಯ ನಡು ಉಬ್ಬಿಸಿ ಅಂಚು ತಗ್ಗಿಸುತ್ತಾರೆ. (ನೀರು ಇಳಿಯುತ್ತದೆಯೇ ಅನ್ನುವುದು ಬೇರೆ ಅಂಕಣ.) ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಮರಳಿನ ರಾಶಿ, ನಿಲ್ಲಿಸಿದ ಸ್ಕೂಟರ್. ಹಾಗಾಗಿ ರಸ್ತೆಗೇ ಇಳಿಯುತ್ತೇನೆ, ಎದುರು ಬರುವ ಗಾಡಿ ಕಾಣಲಿ ಅಂತ ಬಲ ಅಂಚು ಹಿಡಿಯುತ್ತೇನೆ. ಬಲಗಾಲು ಸದಾ ತಗ್ಗಿನಲ್ಲಿ.

ಮಂಡಿ: (ಕೊಂಚ ತಡೆದು) ಅದು ಸರಿ. ಅದಕ್ಕೇ ನನ್ನ ಹೊರಮಗ್ಗುಲು ನೋಯುವುದು. ಬರೆದುಕೊಳ್ಳಿ. ಆದರೂ ಪೃಷ್ಠ ಎಚ್ಚರವಾಗಿದ್ದಿದ್ದರೆ...

ಅಂಕಣ: ಹದಿನಾಲ್ಕು ಸಾವಿರದ ಶೂ ಕೊಡಿಸಿದ್ದೆನಲ್ಲ?

ಮಂಡಿ: ಮುಂದಿನ ಪ್ರಶ್ನೆ.

ಅಂಕಣ: ಓಡಿದರೆ ಮಂಡಿ ಸವೆಯುತ್ತದೆ ಅಂತ ನಮ್ಮ ದೊಡ್ಡಮ್ಮ ಹೇಳುತ್ತಾರೆ.

ಮಂಡಿ: ನಿಮ್ಮ ದೊಡ್ಡಮ್ಮ ಓಡಿದವರೇ? ಇಲ್ಲ. ಅವರ ಮಂಡಿ ಸವೆದಿಲ್ಲವೇ? ನನ್ನೊಳಗಿನ ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಾಗ ಒಳಹೋಗುವ ದ್ರವವೇ ಅದರ ಊಟ. ಸುಮ್ಮನೆ ಕೂರಿಸಿದರೆ ಉಪವಾಸ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಹವ್ಯಾಸಕ್ಕೆ ಓಡುವವರಲ್ಲಿ ಸೊಂಟದ, ಮಂಡಿಯ ಸವೆತ ನೂರಕ್ಕೆ 3.5. ಕೂತೇ ಕಾಲ ಕಳೆದವರಲ್ಲಿ 10.2. ಪದಕಕ್ಕಾಗಿ ಓಡುವವರಲ್ಲಿ ಮಾತ್ರ 13.3. ನಿಮಗೆ ಪದಕದ ಭಯವಂತೂ ಇಲ್ಲ.

ಅಂಕಣ: ಅಂದರೆ ಸಿಮೆಂಟ್ ಹಾಸಿದವರಿಗೆ ಖುಲಾಸೆಯೇ? ನಮ್ಮ ಬಡಾವಣೆಯ ಶಾಲೆಗೂ ಹಾಸಿದ್ದಾರೆ, ಗೊತ್ತಾ? ದೂಳು ಬರುತ್ತದೆ, ಮಳೆಗಾಲದಲ್ಲಿ ಕೆಸರು, ಯೂನಿಫಾರ್ಮ್ ಕೊಳೆಯಾಗುತ್ತದೆ ಅಂತ ದೊಡ್ಡವರು ದೂರು ಕೊಟ್ಟರು. ಇದ್ದ ಒಂದೇ ಅಂಗಳಕ್ಕೆ ಇಂಟರ್‌ಲಾಕ್ ಬಿತ್ತು. ಆ ಕಲ್ಲಿನ ಮೇಲೇ ಬಿಳಿ ಬಣ್ಣದಲ್ಲಿ ಖೋಖೋ ಗೆರೆ ಎಳೆದಿದ್ದಾರೆ. ಆರನೇ ಕ್ಲಾಸಿನ ಹುಡುಗಿಯರು ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಖೋ ಅಂದ ತಕ್ಷಣ ಜಿಗಿದೇಳುತ್ತಾರೆ. ಕಂಬದ ಹತ್ತಿರ ಡೈವ್ ಹೊಡೆಯಬೇಕು, ಹೊಡೆಯುವುದಿಲ್ಲ. ಹೊಡೆದವಳೊಬ್ಬಳ ಮಂಡಿ ನೋಡಿದೆ, ಎರಡು ರೂಪಾಯಿ ನಾಣ್ಯದಗಲ ಚರ್ಮ ಎದ್ದುಹೋಗಿ ಅಂಚಿಗೆ ಸಿಮೆಂಟಿನ ಬೂದಿ ಮೆತ್ತಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ನಮ್ಮ ಗಂಡಸರೂ ಹೆಂಗಸರೂ ಗೆದ್ದಾಗ ಸ್ಟೇಟಸ್ ಹಾಕಿಕೊಂಡವರು ಇದೇ ದೊಡ್ಡವರು. ಅಲ್ಲಿ ಆಡಿದ್ದು ಮ್ಯಾಟ್ ಮೇಲೆ. ಇವರ ಮಕ್ಕಳಿಗೆ ಮ್ಯಾಟೂ ಇಲ್ಲ, ಮಣ್ಣೂ ಇಲ್ಲ. ಯಾರಿಗೆ ಬೇಕಿತ್ತು ಈ ಕಲ್ಲು? ಮಕ್ಕಳು ಕೇಳಿದ್ದರೇ?

ಮಂಡಿ: ಆ ಮಕ್ಕಳ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮಂಡಿಯ ಕೆಳಗೆ ಮೂಳೆ ಬೆಳೆಯುವ ಜಾಗ ಇನ್ನೂ ಎಳಸು. ತೊಡೆಯ ಸ್ನಾಯು ಎಳೆಯುವುದು ಅಲ್ಲಿಗೇ. ಓಡಿ ಹಾರುವ ಮಗುವಿಗೆ ಅಲ್ಲಿ ಗಂಟು ಬಂದು ನೋಯುತ್ತದೆ. ನೋವೆಂದರೆ, ಬೆಳೆಯುವ ಮಕ್ಕಳಿಗೆ ಅದೆಲ್ಲ ಇದ್ದದ್ದೇ ಎಂದು ಬಾಯಿ ಮುಚ್ಚಿಸುತ್ತಾರೆ. ಇಲ್ಲವೇ ಆಟವನ್ನೇ ಬಿಡಿಸುತ್ತಾರೆ. ಹೆಣ್ಣುಮಕ್ಕಳದ್ದಾದರೆ ಇನ್ನೂ ಬೇಗ. ಬಿಟ್ಟವರು ಮತ್ತೆ ಅಂಗಳಕ್ಕೆ ಬರುವುದಿಲ್ಲ, ಕುರ್ಚಿಗೇ ಹೋಗುತ್ತಾರೆ. ಆಮೇಲೆ ನಲವತ್ತಕ್ಕೆ ಶೂ ಕೊಳ್ಳುತ್ತಾರೆ.

ಅಂಕಣ: ನನಗೀಗ ಏನು ಹೇಳುತ್ತೀರಿ?

ಮಂಡಿ: ಓಟ ನಿಲ್ಲಿಸಬೇಡಿ, ಕೆಲವು ವಾರ ಕಡಿಮೆ ಮಾಡಿ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಗಾಡಿ ಇಲ್ಲದ ಕಡೆ ಅಂಚು ಬದಲಿಸಿ. ಮತ್ತೆ ದಿನಾ ಗೋಡೆ ಹಿಡಿದು, ಒಂಟಿಕಾಲಲ್ಲಿ ಬಗ್ಗಿ ಎದ್ದು, ಆ ಪೃಷ್ಠವನ್ನು...

ಅಂಕಣ: ಅರ್ಥವಾಯಿತು. ಕೊನೆಯ ಪ್ರಶ್ನೆ. ಪಾರ್ಕಿನಲ್ಲಿ ನಾಲ್ಕಡಿ ಅಗಲದ ಮಣ್ಣಿನ ದಾರಿಯನ್ನಾದರೂ ಉಳಿಸಬೇಕೆಂದು ತಮಗನ್ನಿಸುವುದಿಲ್ಲವೇ?

ಮಂಡಿ: ಅದು ಪ್ರಶ್ನೆಯಲ್ಲ, ಮನವಿ ಪತ್ರ. ಪಾಲಿಕೆಗೆ ಕೊಡಿ.

ಅಂಕಣ: ಒಂದಿದ್ದ ಪಾಲಿಕೆ ಈಗ ಐದಾಗಿದೆ. ಯಾವುದಕ್ಕೆ ಕೊಡಲಿ?

ಮಂಡಿ: ಮೊದಲು ಎದ್ದು ನಿಲ್ಲಿ ಸ್ವಾಮಿ. ಆಗಿನಿಂದ ನನ್ನನ್ನು ಮಡಚಿಕೊಂಡೇ ಕೂತಿದ್ದೀರಿ, ಓಟಕ್ಕಿಂತ ಇದೇ ನೋಯುತ್ತಿದೆ. ಮತ್ತೆ ಎಡಮಂಡಿಯೂ ಮಾತಾಡಬೇಕಂತೆ. ಕುಂಟುವಾಗ ಭಾರವೆಲ್ಲ ಅದರ ಮೇಲೆ ಹಾಕಿದೆ ಅಂತ ನನ್ನ ಮೇಲೇ ದೂರು.