ಹನ್ನೆರಡರ ಕಾರಣಿಕ

ಗೋವಾದ ಕೆಪೆ ಪೇಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ದಿನಾ ಸಂಜೆ ಕಾರಣಿಕ ನಡೆಯುತ್ತದೆ. ನುಡಿಯುವವನು ಪಾಲಿಟೆಕ್ನಿಕ್ ಓದುವ ಹುಡುಗ. ಅವನಿಗೆ ಬಿಲ್ಲು ಬೇಕಿಲ್ಲ. ಗಿರಾಕಿಗಳಿಗೆಂದು ಇಟ್ಟ ಪ್ಲಾಸ್ಟಿಕ್ ಸ್ಟೂಲೇ ಸಾಕು.

"ಅಣ್ಣಾರ, ವಿಂಡೋಸ್ ಹನ್ನೆರಡು ಬರತೈತಂತ. ಕೆಳಗಿನ ಪಟ್ಟಿ ಗಾಳ್ಯಾಗ ತೇಲತೈತಂತ."

ಅಂಗಡಿಯ ಅಣ್ಣ ಹೂವಿನಹಡಗಲಿ ಕಡೆಯವರು. ಟೋನರ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿಯ ನೀರು ನೋಡುವವರಂತೆ ಅಲ್ಲಾಡಿಸುತ್ತ ಹೇಳಿದರು: "ತೇಲವಲ್ದ್ಯಾಕ. ನಮ್ಮ ಪ್ರಿಂಟರ್ ಮುಳಗದಿದ್ರ ಸಾಕು."

ಅವರ ಸೀಮೆಯ ಮೈಲಾರದ ಕಾರಣಿಕ ನೋಡಿದವರಿಗೆ ಈ ಹುಡುಗನ ಧಾಟಿ ಹೊಸದಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ಆಕಾಶ ದಿಟ್ಟಿಸಿ, "ಸದ್ದಲೇ!" ಎಂದು ಕೂಗುತ್ತಾನೆ. ಇಡೀ ಜಾತ್ರೆ ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬಿದ್ದುಬಿಡುತ್ತಾನೆ. ಆ ಸಾಲನ್ನು ರೈತ ಮಳೆಗೆ ಹೊಂದಿಸಿಕೊಳ್ಳುತ್ತಾನೆ, ರಾಜಕಾರಣಿ ಕುರ್ಚಿಗೆ, ದಲಾಲಿ ಮೆಣಸಿನಕಾಯಿ ದರಕ್ಕೆ. ಇಷ್ಟಾದರೂ ಗೊರವಯ್ಯನ ಕಸುಬಿನಲ್ಲಿ ಒಂದು ಮರ್ಯಾದೆ ಇದೆ: ಉಪವಾಸವಿದ್ದು ನುಡಿಯುತ್ತಾನೆ, ವರ್ಷಕ್ಕೊಮ್ಮೆ ನುಡಿಯುತ್ತಾನೆ, ನುಡಿದ ಮೇಲೆ ಬೀಳುತ್ತಾನೆ. ಕಂಪ್ಯೂಟರ್ ಕಾರಣಿಕದವರು ಹೊಟ್ಟೆ ತುಂಬ ಉಂಡು ದಿನಕ್ಕೆ ನಾಲ್ಕು ಸಲ ನುಡಿಯುತ್ತಾರೆ. ಬೀಳುವುದು ನಾವು.

ದೊಡ್ಡ ಗೊರವಯ್ಯಂದಿರ ನುಡಿಯೇ ನಿಂತಿಲ್ಲ, ಇನ್ನು ಹುಡುಗನದೇನು? 2015ರ ಮೇ ತಿಂಗಳಲ್ಲಿ ಶಿಕಾಗೋದ ಸಭೆಯೊಂದರಲ್ಲಿ ಮೈಕ್ರೋಸಾಫ್ಟ್‌ನ ಜೆರ್ರಿ ನಿಕ್ಸನ್ ಎಂಬವರು ವಿಂಡೋಸ್ 10 ಕೊನೆಯ ವಿಂಡೋಸ್ ಎಂಬರ್ಥದ ಮಾತಾಡಿದ್ದರು. ಲೋಕ ನಂಬಿತು. ಆರು ವರ್ಷ ಕಳೆಯಿತು, 2021ರ ಅಕ್ಟೋಬರ್ 5ರಂದು ಹನ್ನೊಂದು ಬಂತು. ನಮ್ಮ ಕಡೆ ನಾಟಕ ಕಂಪನಿಯವರು "ಇಂದೇ ಕೊನೆಯ ಆಟ" ಎಂದು ಜೀಪಿನಲ್ಲಿ ಸಾರಿ, ಮರುದಿನ "ಪ್ರೇಕ್ಷಕರ ಒತ್ತಾಯದ ಮೇರೆಗೆ" ಎಂದು ಅದೇ ಜೀಪು ಕಳಿಸುತ್ತಿದ್ದರಲ್ಲ, ಹಾಗೆ. ಅಲ್ಲಿ ಒತ್ತಾಯ ಮಾಡಿದ ಪ್ರೇಕ್ಷಕ ಯಾರೆಂಬುದಷ್ಟೇ ತಿಳಿಯಲಿಲ್ಲ.

ಆ ಹನ್ನೊಂದರಲ್ಲಿ ಆದದ್ದೇನು? ಎಡಮೂಲೆಯ ಸ್ಟಾರ್ಟ್ ಬಟನ್ ನಡುಮನೆಗೆ ಬಂತು. ಇದೇ ಬಟನ್ನನ್ನು 2012ರಲ್ಲಿ, ವಿಂಡೋಸ್ 8ರ ಕಾಲಕ್ಕೆ, ಮನೆಯಿಂದಲೇ ಹೊರಹಾಕಿದ್ದರು. ಜನ ಬೊಬ್ಬೆ ಹೊಡೆದ ಮೇಲೆ ಮರುವರ್ಷ ಕರೆತಂದರು. ತವರಿಗೂ ಗಂಡನ ಮನೆಗೂ ಇಷ್ಟು ಸಲ ಓಡಾಡಿದ ಸೊಸೆ ನಮ್ಮ ಓಣಿಯಲ್ಲೂ ಇಲ್ಲ.

ಆದರೆ ಹನ್ನೊಂದಕ್ಕೆ ಬೇಕಾದ ಅರ್ಹತೆಯ ವಿಷಯ ತಮಾಷೆಯದಲ್ಲ, ಅದರಲ್ಲೂ ಕೆಪೆಯ ಕನ್ನಡಿಗನಿಗೆ. ಈ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಗಾರೆ ಕೆಲಸಕ್ಕೋ ತರಕಾರಿ ಮಾರಲಿಕ್ಕೋ ಬಂದು ಇಲ್ಲೇ ಬೇರುಬಿಟ್ಟವರು. ಒಂದು ಕೈಯಲ್ಲಿ ಊರ ಹೊಲದ ಪಹಣಿ, ಇನ್ನೊಂದರಲ್ಲಿ ಮಾಮಲೇದಾರರ ಕಚೇರಿಗೆ ಕೊಡುವ ಕಾಗದದ ಕಟ್ಟು. ಗೋವಾದಲ್ಲಿ 15 ವರ್ಷ ವಾಸವಿದ್ದೆ ಎಂದು ತೋರಿಸಿದರೆ ಸರ್ಟಿಫಿಕೇಟು. ಮಕ್ಕಳ ಸರ್ಕಾರಿ ನೌಕರಿಯ ಆಸೆಗೆ ಅದೇ ಬಾಗಿಲು. ಕಂಪ್ಯೂಟರಿನ ಕಾನೂನು ಇದಕ್ಕೆ ಉಲ್ಟಾ. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾಗಿರಬೇಕು, ಅಂದರೆ 2017ರ ಈಚೆಯದು. 2016ರಲ್ಲಿ ಕೊಂಡ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊರಗಿನದೇ. ಮನುಷ್ಯ ಹಳಬನಾದರೆ ಒಳಗೆ, ಯಂತ್ರ ಹಳತಾದರೆ ಹೊರಗೆ. ಇವೆರಡು ಕಚೇರಿಗಳ ಅರ್ಜಿ ಅದಲುಬದಲಾದರೆ ನಮ್ಮ ಜನರಿಗೆ ಎಷ್ಟು ಸುಖವಿತ್ತು!

2025ರ ಅಕ್ಟೋಬರ್ 14ಕ್ಕೆ ಹತ್ತರ ಆರೈಕೆ ನಿಂತಿತು. ಮನೆಬಳಕೆಯವರಿಗೆ ಒಂದು ವರ್ಷದ ವಾಯಿದೆ ಸಿಕ್ಕಿತು: 30 ಡಾಲರ್ ಕಟ್ಟಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳ ಬ್ಯಾಕಪ್ಪನ್ನು ಕಂಪನಿಯ ಖಾತೆಗೆ ಕಟ್ಟಿ. ಕಟ್ಟುವುದಂತೂ ತಪ್ಪಲಿಲ್ಲ. ಇದೇ ಕೆಪೆಯಲ್ಲಿ ಕುಶಾವತಿ ದಂಡೆಯ ಮೇಲೆ ಡೀನ್ ಪಾದ್ರಿ 1787ರಲ್ಲಿ ಕಟ್ಟಿಸಿದ ಅರಮನೆ ಈಗಲೂ ನಿಂತಿದೆ. ರಿಪೇರಿ ಮಾಡಿದ್ದಾರೆ. "ಆವೃತ್ತಿ ಹಳೆಯದು, ಗೋಡೆಗೆ ಬೆಂಬಲವಿಲ್ಲ" ಎಂದು ಯಾರೂ ನೋಟೀಸು ಅಂಟಿಸಿಲ್ಲ.

ಹುಡುಗನಿಗೆ ಅರಮನೆ ಬೇಡ, ಎಐ ಬೇಕು. "ನೀವು ಏನ್ ಮಾಡಿದ್ರೂ ಅದು ನೆನಪಿಟ್ಕೊಂಡಿರತೈತ್ರಿ ಅಣ್ಣಾರ!"

ಅದು ಕಾರಣಿಕವಲ್ಲ, ಆಗಲೇ ಆಗಿಹೋದದ್ದು. 2024ರ ಮೇ ತಿಂಗಳಲ್ಲಿ ಘೋಷಿಸಿದ ಅದರ ಹೆಸರು ರೀಕಾಲ್. ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ಹಿಡಿದು ಪೇರಿಸಿಡುವ ಚಿತ್ರಗುಪ್ತ. ಭದ್ರತೆ ಬಲ್ಲವರು ಮೊದಲ ಪ್ರತಿಯ ಮುಚ್ಚಳ ತೆಗೆದು ನೋಡಿದರೆ ಚಿತ್ರ ಬೇಕಾದಷ್ಟಿತ್ತು, ಗುಪ್ತವೇ ಇರಲಿಲ್ಲ. ಗದ್ದಲವಾಗಿ ಮುಂದೂಡಿದರು, 2025ರ ಏಪ್ರಿಲ್‌ನಲ್ಲಿ, ಬೇಕೆಂದವರು ಮಾತ್ರ ಹಾಕಿಕೊಳ್ಳಲಿ ಎಂದು ಮತ್ತೆ ಬಿಟ್ಟರು. ಝೆರಾಕ್ಸ್ ಅಂಗಡಿಯಲ್ಲಿ ಇದನ್ನು ಹಾಕಿಕೊಂಡರೆ ಹೇಗಿರುತ್ತದೆ ಎಂದು ಯೋಚಿಸಿ. ಅರ್ಧ ತಾಲ್ಲೂಕಿನ ಆಧಾರ್, ಪ್ಯಾನ್, ಪಾಸ್‌ಬುಕ್ಕು, ಮುರಿದುಬಿದ್ದ ಸಂಬಂಧಗಳ ಬಯೋಡೇಟಾ. ಮೈಲಾರಲಿಂಗನಿಗೂ ಇಷ್ಟು ತಿಳಿದಿರಲಿಕ್ಕಿಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಈ ಕಾರಣಿಕಗಳಲ್ಲಿ ಅಣ್ಣನಿಗೆ ಬೇಕಾದ್ದು ಒಂದೂ ಇಲ್ಲ. ಅವರ ಬಳಿ ಹಳೆಯ ನುಡಿ ಫಾಂಟಿನ ನೂರಾರು ಅರ್ಜಿಗಳಿವೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ತಲೆಗೆ ಟೊಪ್ಪಿಗೆ, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಇಂಗ್ಲಿಷ್ ಅಕ್ಷರಗಳಾಗಿ ಕುಣಿಯುತ್ತದೆ. ಯೂನಿಕೋಡ್ ಬಂತು, ಸರಿ. ಆದರೆ 'ಬ್ಯಾಂಕ್' ಎಂದು ಬರೆದ ಸಲೀಸಿನಲ್ಲಿ 'ರ‍್ಯಾಂಕ್' ಬರೆಯಹೋದರೆ ಅರ್ಕಾವತ್ತು ಓಡಿಬಂದು 'ಯಾ'ದ ಬಾಲಕ್ಕೆ ಜೋತುಬೀಳುತ್ತದೆ. ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ತೂರಿಸಬೇಕು. ಅಣ್ಣ ಆ ಮಂತ್ರವನ್ನು ಕೀಬೋರ್ಡಿನ ಹಣೆಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದಾರೆ. ಕೆಂಪು ಧೂಳಿಗೆ ಅದೂ ಅರ್ಧ ಅಳಿಸಿದೆ. ಪಟ್ಟಿ ತೇಲುತ್ತದೆಂದು ಮೂರು ವರ್ಷದಿಂದ ಬರೆಯುವ ಪಂಡಿತರಲ್ಲಿ ಒಬ್ಬನಾದರೂ 'ರ‍್ಯಾಂಕ್ ನೆಟ್ಟಗಾಗುತ್ತದಂತೆ' ಎಂದು ಸುಳ್ಳಾದರೂ ನುಡಿಯಬಾರದೇ?

ನಿನ್ನೆ ಸಂಜೆ ಹಿರಿಯರೊಬ್ಬರು ವಾಸದ ಅರ್ಜಿಯ ಕಟ್ಟು ಹಿಡಿದು ನಿಂತಿದ್ದರು. ಹುಡುಗ ಹನ್ನೆರಡರ ಬಣ್ಣ ವರ್ಣಿಸುತ್ತಿದ್ದ. ಮೂರನೇ ಪುಟ ಅರ್ಧ ಹೊರಬಂದಿತ್ತು, ಕರೆಂಟು ಹೋಯಿತು. ಕತ್ತಲಲ್ಲಿ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಹುಡುಗನ ಬಾಯಿ ಮಾತ್ರ ಬಂದ್ ಆಗಲಿಲ್ಲ.

ಅಣ್ಣ ಎರಡೂ ಕೈ ಮೇಲೆತ್ತಿ ಗುಡುಗಿದರು: "ಸದ್ದಲೇ!"

ಅಂಗಡಿ ಸ್ತಬ್ಧವಾಯಿತು. ಪಕ್ಕದ ಭಾಜಿಪಾವ್ ಅಂಗಡಿಯವನೂ ಇಣುಕಿದ.

"ಕಾಗದ ಸಿಕ್ಕೀತು, ಶಾಯಿ ಒಣಗೀತಲೇ ಪರಾಕ್!"

ಹಿರಿಯರು ಭಕ್ತಿಯಿಂದ ಕೈಮುಗಿದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು:

"ಅಂದ್ರ ನಾ ಈಗ ನಿಲ್ಲಲ್ಯೋ, ನಾಳೆ ಬರಲ್ಯೋ?"